ನೋಡಿದರೆ ಸವೆಯುತ್ತದೆಯೇ?

"ನೋಡಿದರೆ ಏನು ಸವೆದುಹೋಗುತ್ತದೆಯೇ?" ಎಂಬ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದವರೇ. ಹೆಣ್ಣು ನೋಡಲು ಬರುವವರ ಪರವಾಗಿ ಸೋದರತ್ತೆಯೋ ದೊಡ್ಡಮ್ಮನೋ ಹೀಗೆ ಹೇಳಿ, ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು ನಮ್ಮನ್ನು ಹಜಾರಕ್ಕೆ ಕಳಿಸಿದ್ದಾರೆ. ನಿಜವೇ, ನೋಡಿದ್ದರಿಂದ ಯಾರ ಮೂಗೂ ಸವೆದಿಲ್ಲ, ಯಾರ ಬಣ್ಣವೂ ಇಳಿದಿಲ್ಲ. ಆದರೂ ಅವರು ಎದ್ದುಹೋದ ಮೇಲೆ ಒಳಮನೆಯಲ್ಲಿ ಕೂತಾಗ ಏನೋ ಒಂದು ಕಡಿಮೆಯಾದಂತೆ ಅನ್ನಿಸುತ್ತಿತ್ತಲ್ಲ, ಅದೇನು? ಈ ಪ್ರಶ್ನೆ ಇಷ್ಟು ವರ್ಷಗಳ ಮೇಲೆ, ಅದೂ ಹಕ್ಕಿಗಳ ನೆಪದಲ್ಲಿ ಮತ್ತೆ ಎದುರಾದೀತೆಂದು ನಾನು ಎಣಿಸಿರಲಿಲ್ಲ.

ಅಕ್ಕನ ಮಗನಿಗೆ ಕ್ಯಾಮೆರಾ ಹುಚ್ಚು. ಹಕ್ಕಿಗಳ ಫೋಟೋ ತೆಗೆಯುವವರನ್ನೇ ಕೂಡಿಸಿ, ಜೊತೆಗೊಬ್ಬ ಮಾರ್ಗದರ್ಶಿಯನ್ನು ಕೊಟ್ಟು ಕರೆದೊಯ್ಯುವ ಪ್ರವಾಸವೊಂದಕ್ಕೆ ಅವನು ಹೆಸರು ಕೊಟ್ಟಿದ್ದ. "ನೀವೂ ಬನ್ನಿ ಚಿಕ್ಕಮ್ಮ, ಪರೀಕ್ಷೆ ಪೇಪರು ತಿದ್ದಿ ತಿದ್ದಿ ಕಣ್ಣು ಹೋಗುತ್ತೆ" ಎಂದ. ಹಾಗೆ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ರಂಗನತಿಟ್ಟಿಗೆ ಹೋದೆ.

ಶ್ರೀರಂಗಪಟ್ಟಣದ ಬಳಿಯ ಈ ಜಾಗದ ಹುಟ್ಟೇ ಚೆಂದ. 17ನೇ ಶತಮಾನದಲ್ಲಿ ಮೈಸೂರು ಅರಸರು ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ಕಟ್ಟಿಸಿದ್ದು ಹೊಲಗದ್ದೆಗೆ. ಆದರೆ ನೀರು ನಿಂತು ಪುಟ್ಟ ಪುಟ್ಟ ನಡುಗಡ್ಡೆಗಳಾದವು, ಹಕ್ಕಿಗಳು ಅವನ್ನು ತವರು ಮಾಡಿಕೊಂಡವು. ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನು ಕಂಡು ಅರಸರಿಗೆ ಹೇಳಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ರಾಜ್ಯದಿಂದ ಆ ಪಟ್ಟಿಗೆ ಸೇರಿದ ಮೊದಲ ತಾಣ ಇದೇ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದಂಥ ಕೊಕ್ಕಿನ ಹಕ್ಕಿ, ನೀರುಕಾಗೆ ಎಲ್ಲವೂ ಒಂದೇ ವಠಾರದ ಸಂಸಾರಗಳಂತೆ ಅಕ್ಕಪಕ್ಕ ಗೂಡು ಕಟ್ಟಿಕೊಂಡಿದ್ದವು. ಕೆಳಗೆ ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ ಮೊಸಳೆ, ಬಾಡಿಗೆ ಬಾಕಿ ಉಳಿಸಿಕೊಂಡವರನ್ನು ಕಾಯುವ ಮನೆಯ ಯಜಮಾನನಂತೆ.

ಒಂದು ಮರದ ತುದಿಯಲ್ಲಿ ಬಣ್ಣದ ಕೊಕ್ಕರೆಯೊಂದು ರೆಕ್ಕೆಗಳನ್ನು ಅರ್ಧ ಬಿಚ್ಚಿಕೊಂಡು ಅಲ್ಲಾಡದೆ ನಿಂತಿತ್ತು. ಹಾರಲು ಹೊರಟಿದೆಯೋ ಎಂದುಕೊಂಡೆ. "ಇಲ್ಲಮ್ಮಾ, ಮರಿಗೆ ನೆಳ್ಳು ಮಾಡದೆ" ಎಂದರು ದೋಣಿ ನಡೆಸುತ್ತಿದ್ದವರು. ಬಿಸಿಲು ತಿರುಗಿದಂತೆ ಅದೂ ತಿರುಗುತ್ತದಂತೆ. ಗಂಡು ಹೆಣ್ಣು ಎರಡೂ ಸರದಿಯಂತೆ ಈ ಕೆಲಸ ಮಾಡುತ್ತವೆ ಎಂದು ಮಾರ್ಗದರ್ಶಿ ತರುಣ ವಿವರಿಸಿದ. ದೋಣಿಯಲ್ಲಿದ್ದ ಹೆಂಗಸರು ನಾವಿಬ್ಬರೂ ಮುಖ ನೋಡಿಕೊಂಡು ನಕ್ಕೆವು.

ಅಷ್ಟರಲ್ಲಿ ನಮ್ಮ ಜೊತೆಯವರೊಬ್ಬರು, "ಇನ್ನೂ ಹತ್ತಿರ ಬಿಡಪ್ಪಾ, ಮರಿ ಕಾಣ್ತಿಲ್ಲ" ಎಂದರು. ದೋಣಿ ಮುಂದೆ ಹೋಗಲಿಲ್ಲ. "ಇಷ್ಟೇಯ ಸಾರ್. ಇನ್ನೂ ಮುಂದಕ್ಕೋದ್ರೆ ಎದ್ಬುಡ್ತದೆ. ಬಿಸ್ಲಿಗೆ ಮರಿ ಬೆಂದೋಯ್ತವೆ." "ನಾವೇನು ಬಿಟ್ಟಿ ಬಂದಿಲ್ಲ" ಎಂದು ಅವರು ಸಿಡುಕಿದರು. ಆಮೇಲೆ, ಹಕ್ಕಿ ಹಾರಿದರಾದರೂ ಒಳ್ಳೆಯ ಫೋಟೋ ಸಿಕ್ಕೀತು ಎಂದು ಜೋರಾಗಿ ಎರಡು ಚಪ್ಪಾಳೆ ತಟ್ಟಿದರು. ಹಕ್ಕಿಯ ಕತ್ತು ನೆಟ್ಟಗಾಯಿತು. ದೋಣಿಯವರು ಒಂದೂ ಮಾತಾಡದೆ ಹುಟ್ಟು ಹಾಕಿ ದೋಣಿಯನ್ನು ಹಿಂದಕ್ಕೆ ತಂದರು. ಇಳಿಯುವಾಗ ಕೊಡಬೇಕೆಂದಿದ್ದ ಭಕ್ಷೀಸು ಜೇಬಿನಲ್ಲೇ ಉಳಿಯಿತು ಎಂದು ಬೇರೆ ಹೇಳಬೇಕೇ?

ಊಟದ ಹೊತ್ತಿಗೆ ಅಕ್ಕನ ಮಗನೊಂದಿಗೆ ವಾದಕ್ಕಿಳಿದೆ. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. "ಹಿಂದಿನವರು ಹಕ್ಕಿಯನ್ನು ಅರಿಯಲು ಕೋವಿ ಹಿಡಿಯುತ್ತಿದ್ದರು. ಸಲೀಂ ಅಲಿಯವರ ಬದುಕು ತಿರುಗಿದ್ದೂ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಕೆಡವಿದ ಹಳದಿ ಕೊರಳಿನ ಗುಬ್ಬಿಯಿಂದ. ಕ್ಯಾಮೆರಾ ಒಂದು ಗರಿಯನ್ನೂ ಕೀಳುವುದಿಲ್ಲ. ಚಿತ್ರ ನೋಡಿಯೇ ಅಲ್ಲವೇ ಜನಕ್ಕೆ ಇವುಗಳ ಮೇಲೆ ಅಕ್ಕರೆ ಹುಟ್ಟುವುದು?" ಒಪ್ಪಿದೆ. ಹಕ್ಕಿಗೆ ನಾಚಿಕೆಯಾಗುತ್ತದೆ, ಅವಮಾನವಾಗುತ್ತದೆ ಎಂದು ಹೇಳುವಷ್ಟು ಭಾವುಕಳೂ ನಾನಲ್ಲ. ಹಜಾರದಲ್ಲಿ ತಲೆ ತಗ್ಗಿಸಿ ಕೂತ ಹುಡುಗಿಯ ಸಂಕಟ ಹಕ್ಕಿಗಿಲ್ಲ. ಅದಕ್ಕಿರುವುದು ಹೆದರಿಕೆ ಮಾತ್ರ. ದೂರದಿಂದ, ಅದರ ಪಾಡಿಗೆ ಅದನ್ನು ಬಿಟ್ಟು ನೂರು ಚಿತ್ರ ತೆಗೆದರೂ ಅದು ಕಳೆದುಕೊಳ್ಳುವುದೇನೂ ಇಲ್ಲ.

ಹಾಗಾದರೆ ತಪ್ಪು ಶುರುವಾಗುವುದು ಎಲ್ಲಿಂದ? ಆ ಎರಡು ಚಪ್ಪಾಳೆಯಿಂದ ಎಂದು ನನಗೆ ತೋರುತ್ತದೆ. ನೋಡುವುದು ಬೇರೆ, 'ತೋರಿಸು' ಎನ್ನುವುದು ಬೇರೆ. ಹೆಣ್ಣು ನೋಡಲು ಬಂದವರು ಸುಮ್ಮನೆ ನೋಡಿ ನಾಲ್ಕು ಮಾತಾಡಿ ಹೋಗಿದ್ದರೆ ನಮಗಷ್ಟು ನೋಯುತ್ತಿರಲಿಲ್ಲ. "ಸ್ವಲ್ಪ ನಡೆದು ತೋರಿಸಮ್ಮ," "ಜಡೆ ಮುಂದಕ್ಕೆ ಹಾಕಿಕೊಳ್ಳಮ್ಮ" ಎಂದರಲ್ಲ, ಆಗ ಸವೆದದ್ದು. ನೋಡುವವನ ಕಣ್ಣಿಗಾಗಿ ನೋಡಿಸಿಕೊಳ್ಳುವವರು ತಮ್ಮ ಇರವನ್ನೇ ಬದಲಿಸಬೇಕು ಎನ್ನುವಲ್ಲಿ ನೋಟ ಅಪ್ಪಣೆಯಾಗುತ್ತದೆ. ಹಕ್ಕಿಯ ಮಟ್ಟಿಗೆ ಆ ಅಪ್ಪಣೆಯ ಬೆಲೆ ಮರಿಯ ನೆರಳು. ತಾಯಿ ಎದ್ದ ಗೂಡಿಗೆ ಮೊದಲು ಬರುವುದು ಬಿಸಿಲು, ಅದರ ಹಿಂದೆಯೇ ಕಾಗೆ, ಹದ್ದು. ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಗಾಳಿಯನ್ನೂ ಕೇಳಿ ಒಳಗೆ ಬಿಡುತ್ತೇವೆ. ಮರದ ಮೇಲಿನ ಬಾಣಂತಿಗೆ ಚಪ್ಪಾಳೆ ಏಕೆ?

'ದುಡ್ಡು ಕೊಟ್ಟಿದ್ದೇವೆ' ಎಂಬ ಮಾತನ್ನೂ ತೂಗಿ ನೋಡಿದೆ. ಕೊಟ್ಟಿದ್ದು ದೋಣಿಗೆ, ಅಂಬಿಗನ ಶ್ರಮಕ್ಕೆ. ಹಕ್ಕಿಯ ಪಾಲಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಅಭಯಾರಣ್ಯದೊಳಗೆ ಕಾಡುಜೀವಿಗಳನ್ನು ಕೆಣಕಬಾರದೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಹೇಳುತ್ತದೆ. ಆದರೆ ನಡುನೀರಿನಲ್ಲಿ ಕಾಯಿದೆಯ ಪುಸ್ತಕ ತೆರೆದು ತೋರಿಸುವವರು ಯಾರು? ಅಲ್ಲಿ ಕಾಯಿದೆ ಎಂದರೆ ಹುಟ್ಟು ಹಿಡಿದ ಆ ಕೈಗಳೇ. ನನ್ನನ್ನು ಹೆಚ್ಚು ಕಾಡಿದ್ದು ಇದು. ದೋಣಿಯಲ್ಲಿದ್ದ ನಾವೆಲ್ಲ ನೌಕರಿಯುಳ್ಳವರು, ದುಬಾರಿ ಲೆನ್ಸುಗಳುಳ್ಳವರು. ಹಕ್ಕಿಯ ನೆರಳು ಉಳಿಸಲು ಕೈಯಿಂದ ಕಳೆದುಕೊಂಡವರು ಮಾತ್ರ ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಇದ್ದವರು. ಸಂಯಮದ ಪಾಠ ನಾವು ಹೇಳುತ್ತೇವೆ, ಅದರ ಖರ್ಚನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುತ್ತೇವೆ. 'ಬೇಡ' ಎಂದವರಿಗೆ ಒಂದು ಮೆಚ್ಚುಮಾತನ್ನೂ, ಕೊಡಬೇಕಾದದ್ದನ್ನೂ ತಪ್ಪದೆ ಕೊಡುವುದು ಉಪಕಾರವಲ್ಲ, ನಮ್ಮ ಪಾಲಿನ ಬಾಕಿ. ನಾನೂ ಅಕ್ಕನ ಮಗನೂ ಆ ಬಾಕಿಯನ್ನು ಅಂದೇ ಸಲ್ಲಿಸಿದೆವು. ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ.

'ಮರ್ಯಾದೆ' ಎಂಬ ಪದವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಸಂಸ್ಕೃತದಲ್ಲಿ ಅದಕ್ಕೆ ಎಲ್ಲೆ, ಗಡಿ ಎಂಬ ಅರ್ಥವಿದೆ. ಗೌರವ ಎಂಬುದು ನಮ್ಮ ಬಳಕೆಯಲ್ಲಿ ಗಟ್ಟಿಯಾದ ಅರ್ಥ. ಎರಡೂ ಒಂದೇ ಎಂದು ಈಗ ಅನ್ನಿಸುತ್ತದೆ. ಎಲ್ಲಿ ನಿಲ್ಲಬೇಕೆಂದು ತಿಳಿದು ನಿಲ್ಲುವುದೇ ಗೌರವ. ಹಕ್ಕಿಗಾಗಲಿ, ಸೊಸೆಯಾಗಿ ಬರುವ ಹುಡುಗಿಗಾಗಲಿ, ಬೆಳೆದ ಮಗಳ ಮುಚ್ಚಿದ ಬಾಗಿಲಿಗಾಗಲಿ ಕೊಡಬೇಕಾದ ಗೌರವ ಬೇರೆ ಬೇರೆಯಲ್ಲ.

ಈ ಸಲ ನಮ್ಮ ಶಾಲೆಯ ಜಗಲಿಯ ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಗೂಡು ಕಟ್ಟಿತು. ಏಳನೆಯ ತರಗತಿಯ ಹುಡುಗಿಯರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಇದರಾಚೆ ಯಾರೂ ಹೋಗಕೂಡದು ಎಂದು ತಾವೇ ಕಟ್ಟಳೆ ಮಾಡಿದರು. ದಿನವೂ ಬೆಲ್ಲಿಗೆ ಮುಂಚೆ ಗೆರೆಯ ಈಚೆ ಸಾಲಾಗಿ ನಿಂತು ಕಣ್ತುಂಬ ನೋಡುತ್ತಿದ್ದರು. ಕಸ ಗುಡಿಸಿದಾಗ ಗೆರೆ ಅಳಿಸಿಹೋಗುತ್ತಿತ್ತು. ಮರುದಿನ ಯಾರೋ ಒಬ್ಬಳು ಬಗ್ಗಿ, ಅದೇ ಜಾಗದಲ್ಲಿ, ಅದನ್ನು ಮತ್ತೆ ಎಳೆಯುತ್ತಿದ್ದಳು.