ಕೇಳದಿದ್ದರೆ ಹೇಳಬೇಕಾ?

ನಮ್ಮ ದೇಶದ ಕರಾರು ಕಾಯ್ದೆಯೊಳಗೆ ಒಂದು ಕುದುರೆ ಇದೆ. 1872ರ ಕಾಯ್ದೆ, ಇವತ್ತಿಗೂ ಚಾಲ್ತಿಯಲ್ಲಿದೆ. 17ನೇ ಸೆಕ್ಷನ್ನಿನಲ್ಲಿ ಮೋಸ ಅಂದರೆ ಏನು ಅಂತ ವಿವರಿಸುವಾಗ ಈ ಕುದುರೆ ಬರುತ್ತದೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ಐಬಿದೆ ಅಂತ ಅವನಿಗೆ ಗೊತ್ತು, ಆದರೆ ತುಟಿ ಬಿಚ್ಚುವುದಿಲ್ಲ. ಇದು ಮೋಸವಾ? ಅಲ್ಲ ಅನ್ನುತ್ತದೆ ಕಾಯ್ದೆ. ಬರೀ ಸುಮ್ಮನಿದ್ದ ಮಾತ್ರಕ್ಕೆ ಮೋಸ ಆಗುವುದಿಲ್ಲ.

ಆದರೆ ಉದಾಹರಣೆ ಅಲ್ಲಿಗೆ ಮುಗಿಯುವುದಿಲ್ಲ. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಆಗಷ್ಟೇ ವಯಸ್ಸಿಗೆ ಬಂದವಳಾಗಿದ್ದರೆ? ಆಗ ಹೇಳಲೇಬೇಕು, ಸಂಬಂಧವೇ ಆ ಕರ್ತವ್ಯವನ್ನು ಹೇರುತ್ತದೆ. ಇನ್ನು ಕೊಳ್ಳುವವನು "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಅಂತಲೇ ನಾನು ತಿಳಿದುಕೊಳ್ಳುತ್ತೇನೆ" ಅಂದಾಗ ಮಾರುವವನು ಸುಮ್ಮನಿದ್ದರೆ? ಆಗ ಆ ಮೌನ ಮಾತಿಗೆ ಸಮ.

ಈಗ ಕುದುರೆಯ ಜಾಗದಲ್ಲಿ ಒಂಬತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಒಂದನ್ನು ನಿಲ್ಲಿಸಿ.

ಅದು ನಮ್ಮ ಭಾವನ ಕಾರು. ಮನೆ ಮಲ್ಪೆಯಲ್ಲಿ, ಸಮುದ್ರದ ಗಾಳಿ ನೇರ ಅಂಗಳಕ್ಕೆ ಬೀಸುವ ಜಾಗ. ಬೆಂಗಳೂರಿನಲ್ಲಿ ಮಾರಿದರೆ ಒಳ್ಳೆ ರೇಟು ಸಿಗುತ್ತೆ ಅಂತ ಜಾಹೀರಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೇಲಿನಿಂದ ನೋಡಿದರೆ ಪೇಂಟ್ ಫಳಫಳ. ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಕಾರನ್ನು ಮೇಲಕ್ಕೆತ್ತಿ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದ. ಗ್ಯಾರೇಜಿನವರು ಅದನ್ನು ರನ್ನಿಂಗ್ ಬೋರ್ಡ್ ಅನ್ನುತ್ತಾರೆ. ಸ್ಕ್ರೂಡ್ರೈವರ್ ಒಳಗೇ ಹೋಯಿತು. ನೆನೆದ ಬಿಸ್ಕತ್ತಿಗೆ ಚುಚ್ಚಿದ ಹಾಗೆ.

"ಟಿಂಕರಿಂಗ್ ಮಾಡಿಸಿದ್ರೆ ಖರ್ಚು ಜಾಸ್ತಿ ಸಾರ್. ಕಪ್ಪು ಕೋಟಿಂಗ್ ಹೊಡೆದುಬಿಟ್ರೆ ಎರಡು ವರ್ಷ ಯಾರಿಗೂ ಗೊತ್ತಾಗಲ್ಲ" ಅಂತ ಅವನೇ ದಾರಿಯನ್ನೂ ತೋರಿಸಿದ.

ಅಷ್ಟರಲ್ಲಿ ಫೋನಿನಲ್ಲೇ ವಿಚಾರಿಸಿದ್ದ ಒಂದು ಜೋಡಿ ಇತ್ತು. ಇಬ್ಬರಿಗೂ ಇದು ಮೊದಲ ಕಾರು, ಏಳು ತಿಂಗಳ ಮಗು. ಆಕೆ ಕೇಳಿದ ಪ್ರಶ್ನೆಗಳು ಮೂರು: ಮೈಲೇಜ್ ಎಷ್ಟು, ಎಷ್ಟು ಕಿಲೋಮೀಟರ್ ಓಡಿದೆ, ಹಿಂದಿನ ಸೀಟಿಗೆ ಮಗುವಿನ ಸೀಟ್ ಕಟ್ಟಬಹುದಾ. ತುಕ್ಕಿನ ವಿಷಯ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಈಗಿನ ಕಾರಿಗೆ ತುಕ್ಕು ಹಿಡಿಯುತ್ತೆ ಅಂತ ನಮ್ಮ ತಲೆಮಾರಿನ ಎಷ್ಟು ಜನಕ್ಕೆ ಅನಿಸುತ್ತದೆ?

ಹಾಗೆ ಅನಿಸದಿರುವುದಕ್ಕೂ ಕಾರಣ ಇದೆ. ಅಂಬಾಸಡರ್, ಪದ್ಮಿನಿ ಕಾಲದಲ್ಲಿ ತುಕ್ಕು ಬಾಗಿಲ ಅಂಚಿನಲ್ಲೇ ಎದ್ದು ಕಾಣುತ್ತಿತ್ತು. ಈಗ ಬಾಡಿಯನ್ನು ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಲೇಪ ಹತ್ತಿಸುತ್ತಾರೆ. ಎಷ್ಟೋ ತಗಡುಗಳಿಗೆ ಸತುವಿನ ಲೇಪವೂ ಇರುತ್ತದೆ. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಹಾಗಾಗಿ ಹೊರಮೈಯ ತುಕ್ಕು ಕಡಿಮೆಯಾಗಿದೆ. ಆದರೆ ನೀರು ಹರಿದುಹೋಗಬೇಕಾದ ಸಣ್ಣ ತೂತುಗಳು ಕೆಸರು ಕಟ್ಟಿ ಮುಚ್ಚಿಕೊಂಡರೆ, ಉಪ್ಪು ಬೆರೆತ ತೇವ ಆ ಪೆಟ್ಟಿಗೆಗಳ ಒಳಗೇ ಕೂರುತ್ತದೆ. ಅಲ್ಯೂಮಿನಿಯಂ ಮೇಲೆ ಕಟ್ಟುವ ಪದರ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣ ಇಲ್ಲ. ಅದು ಉಬ್ಬುತ್ತದೆ, ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ. ಹೊರಗಿನ ಪೇಂಟ್ ಗುಳ್ಳೆ ಎದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ತಗಡು ಮುಗಿದೇ ಹೋಗಿರಬಹುದು. ತುಕ್ಕಿನ ಮೇಲೆ ದಪ್ಪಗೆ ಕೋಟಿಂಗ್ ಹೊಡೆದರೆ ತೇವ ಒಳಗೇ ಉಳಿದು ಕೆಲಸ ಮುಂದುವರಿಯುತ್ತದೆ. ಮೇಲೆ ಥಳಕು, ಒಳಗೆ ಹುಳುಕು.

ಹುಳುಕು ಹಿಡಿದಿರುವುದು ಅಲಂಕಾರದ ಭಾಗಕ್ಕಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ಆ ಹೊಡೆತವನ್ನು ತಾಳಬೇಕಾದ ಭಾಗಗಳಲ್ಲಿ ಈ ರನ್ನಿಂಗ್ ಬೋರ್ಡ್ ಒಂದು. ಅದರ ಮೇಲಿನ ಸೀಟಿನಲ್ಲಿ ಏಳು ತಿಂಗಳ ಮಗು ಕೂರುತ್ತದೆ.

ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷವಾದ ಮೇಲೆ ಪ್ರತಿವರ್ಷ ತಪಾಸಣೆ ಮಾಡಿಸಬೇಕು, ಅದರಲ್ಲಿ ಚೌಕಟ್ಟಿನ ತುಕ್ಕನ್ನೂ ನೋಡುತ್ತಾರೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಹೊಗೆ ಪರೀಕ್ಷೆ ಮಾಡಿಸುತ್ತೇವೆ, ಇನ್ಶೂರೆನ್ಸ್ ಕಟ್ಟುತ್ತೇವೆ. ಅಡಿಗೆ ಬಗ್ಗಿ ನೋಡಿ ಅಂತ ಯಾವ ನಿಯಮವೂ ಹೇಳುವುದಿಲ್ಲ. ಗೊತ್ತಿರುವವರು ಮಾರುವವರು ಮತ್ತು ಅವರ ಮೆಕ್ಯಾನಿಕ್ ಮಾತ್ರ.

ಭಾವ ಕೆಟ್ಟವರಲ್ಲ. ಅವರ ವಾದವನ್ನು ಅವರ ಮಾತಿನಲ್ಲೇ ಹೇಳಬೇಕು. "ಕೇಳಿದ್ರೆ ಹೇಳುವ ಮಾರಾಯ, ಸುಳ್ಳು ಹೇಳುವುದು ಬೇಡ. ಕೇಳದಿದ್ರೆ ನಾವ್ಯಾಕೆ ಬಾಯಿ ಹಾಕಬೇಕು? ನಾನು ಇದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನನಗೆ ಯಾರು ಹೇಳಿದ್ದು? ಅವರು ಐಟಿಯವರು, ನನ್ನ ಮಗಳ ಕಾಲೇಜು ಫೀಸು ಯಾರು ಕಟ್ತಾರೆ?"

ಕೋಟಿಂಗ್ ವಿಷಯ ಸುಲಭ. ಗೊತ್ತಿರುವ ಐಬನ್ನು ಬೇಕಂತಲೇ ಮರೆಮಾಚುವುದನ್ನು ಅದೇ 17ನೇ ಸೆಕ್ಷನ್ ಮೋಸ ಅಂತ ಕರೆಯುತ್ತದೆ. ಆ ಕಪ್ಪು ಬಣ್ಣವೇ ಬಾಯಿಲ್ಲದೆ ಹೇಳುವ ಸುಳ್ಳು. ಕಷ್ಟದ ಪ್ರಶ್ನೆ, ಏನೂ ಬಳಿಯದೆ ಸುಮ್ಮನೆ ಇದ್ದುಬಿಟ್ಟರೆ ಅನ್ನುವುದು.

ಎಲ್ಲವನ್ನೂ ಹೇಳಬೇಕು ಅನ್ನುವುದೂ ತಪ್ಪು. ಪಕ್ಕದ ಬೀದಿಯಲ್ಲಿ ಇಂಥದ್ದೇ ಕಾರು ಕಡಿಮೆಗೆ ಸಿಗುತ್ತೆ ಅಂತ ನಾನು ಹೇಳಬೇಕಿಲ್ಲ, ಅದನ್ನು ಅವರೇ ಹುಡುಕಬಹುದು. ನಮಗೆ ದುಡ್ಡಿನ ಅರ್ಜೆಂಟ್ ಇದೆ ಅಂತಲೂ ಹೇಳಬೇಕಿಲ್ಲ. ಆದರೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವರಿಗೆ ಸಿಗದ, ನನಗೆ ಮಾತ್ರ ಗೊತ್ತಿರುವ, ಅವರ ಮೈಗೆ ಏಟು ಕೊಡಬಹುದಾದ ವಿಷಯ ಬೇರೆಯೇ ಜಾತಿ. ಅಲ್ಲಿ ನನ್ನನ್ನೇ ಕೇಳಿಕೊಳ್ಳಬೇಕಾದ್ದು ಒಂದೇ: ಇದು ಅವರಿಗೆ ಗೊತ್ತಾಗಬಾರದು ಅಂತ ನನಗೆ ಯಾಕೆ ಅನಿಸುತ್ತಿದೆ? ಗೊತ್ತಾದರೆ ಈ ಬೆಲೆ ಕೊಡಲಾರರು ಅನ್ನುವುದು ಉತ್ತರವಾದರೆ, ಸುಳ್ಳು ಮಾಡಬೇಕಾದ ಕೆಲಸವನ್ನು ಮೌನ ಮಾಡುತ್ತಿದೆ ಅಂತಲೇ ಅರ್ಥ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಹಳೇ ಕಾರುಗಳ ಸಂತೆಯನ್ನೇ ಉದಾಹರಣೆಗೆ ತೆಗೆದುಕೊಂಡಿತ್ತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಒಳಗಿನ ಗುಟ್ಟು ಮಾರುವವನಿಗಷ್ಟೇ ಗೊತ್ತಿರುವ ಕಡೆ ಕೊಳ್ಳುವವರು ಎಲ್ಲ ಕಾರನ್ನೂ ಅನುಮಾನದಿಂದ ನೋಡಿ ಕಡಿಮೆ ಬೆಲೆಗೆ ಕೇಳುತ್ತಾರೆ. ಒಳ್ಳೆ ಕಾರು ಇರುವವನಿಗೆ ಆ ಬೆಲೆ ಗಿಟ್ಟುವುದಿಲ್ಲ, ಅವನು ಸಂತೆ ಬಿಟ್ಟು ಹೋಗುತ್ತಾನೆ. ಕೊನೆಗೆ ಉಳಿಯುವುದು ಹುಳುಕು ಮಾಲೇ. ಭಾವನಿಗೆ ಯಾರೂ ಹೇಳಲಿಲ್ಲ, ಅದಕ್ಕೆ ಭಾವ ಹೇಳುವುದಿಲ್ಲ, ನಾಳೆ ಆ ಜೋಡಿಯೂ ಹೇಳುವುದಿಲ್ಲ. ಮೌನವೂ ಕಾರಿನ ಜೊತೆಗೇ ಟ್ರಾನ್ಸ್‌ಫರ್ ಆಗುತ್ತಾ ಹೋಗುತ್ತದೆ.

ಇದನ್ನೆಲ್ಲ ನಾನು ಭಾವನಿಗೆ ಹೇಳಿದೆ. ಅವರು ಕರಗಲಿಲ್ಲ. ಕರಗಿದ್ದು ಅಕ್ಕ ಕೇಳಿದ ಪ್ರಶ್ನೆಗೆ: "ಇದನ್ನ ನನ್ನ ತಮ್ಮನೇ ತಗೊಳ್ಳುದಾದ್ರೆ ನೀವು ಹೇಳ್ತಿರ್ಲಿಲ್ವಾ?" ಅಕ್ಕ ಯಾವ ಕಾಯ್ದೆಯನ್ನೂ ಓದಿದವಳಲ್ಲ. ಸ್ವಂತದವರಿಗಾದರೆ ಹೇಳಲೇಬೇಕು ಅಂತ ಕಾಯ್ದೆಯೂ ಒಪ್ಪುತ್ತದೆ. ಅಕ್ಕ ಸ್ವಂತದವರು ಅನ್ನುವುದರ ಗೆರೆಯನ್ನು ಸ್ವಲ್ಪ ಆಚೆಗೆ ಎಳೆದಳು, ಅಷ್ಟೇ.

ತುಕ್ಕು ಹಿಡಿದ ಜಾಗದ ಫೋಟೋ ತೆಗೆದು ಜಾಹೀರಾತಿನಲ್ಲಿ ನಾಲ್ಕನೆಯದಾಗಿ ಹಾಕಿದೆವು. ಆ ಜೋಡಿ ಥ್ಯಾಂಕ್ಸ್ ಹೇಳಿ ಬೇರೆ ಕಾರು ಹುಡುಕಿಕೊಂಡು ಹೋಯಿತು. ಇನ್ನಿಬ್ಬರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಸ್ವಂತ ಟಿಂಕರಿಂಗ್ ಶೆಡ್ ಇರುವ ಒಬ್ಬರು, ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆಯುತ್ತೇನೆ ಅಂತ, ನಾವು ಅಂದುಕೊಂಡಿದ್ದಕ್ಕಿಂತ 45 ಸಾವಿರ ಕಡಿಮೆಗೆ ಒಯ್ದರು. ಸತ್ಯಕ್ಕೆ ಬಹುಮಾನವೇನೂ ಬರಲಿಲ್ಲ. ಭಾವ ಈಗಲೂ ಅದನ್ನು 45 ಸಾವಿರದ ಫೋಟೋ ಅನ್ನುತ್ತಾರೆ.

ಆದರೆ ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. 45 ಸಾವಿರ ಹೋಗಿದ್ದು ಫೋಟೋದಿಂದಲ್ಲ, ತುಕ್ಕಿನಿಂದ. ಸಮುದ್ರದ ಗಾಳಿ ಅದನ್ನು ವರ್ಷಗಳಿಂದ ತಿನ್ನುತ್ತಲೇ ಇತ್ತು. ನಾವು ಹೇಳದಿದ್ದರೆ ಆ ನಷ್ಟ ಇಲ್ಲವಾಗುತ್ತಿರಲಿಲ್ಲ, ಗೊತ್ತಿಲ್ಲದ ಇನ್ನೊಬ್ಬರ ಹೆಗಲಿಗೆ ಹೋಗುತ್ತಿತ್ತು.

ನೀವು ಹಳೇ ಕಾರು ಕೊಳ್ಳಲು ಹೊರಟಿದ್ದರೆ ಒಂದು ಮಾತು. ಮೇಲಕ್ಕೆತ್ತಿಸಿ ಅಡಿ ನೋಡಿ. ಅದಕ್ಕೂ ಮುಂಚೆ ಮಾರುವವರ ಮುಖ ನೋಡಿಕೊಂಡು ಆ ಕುದುರೆ ಕೊಳ್ಳುವವನ ಮಾತನ್ನು ಹೇಳಿ: "ನೀವು ಇಲ್ಲ ಅನ್ನದಿದ್ದರೆ ಸರಿಯಾಗಿದೆ ಅಂತಲೇ ತಿಳ್ಕೋತೀನಿ." ಕಾನೂನಿನ ಕಣ್ಣಿಗೆ ಅಲ್ಲಿಂದಾಚೆ ಅವರ ಮೌನವೂ ಉತ್ತರವೇ. ನೀವು ಮಾರುವವರಾಗಿದ್ದರೆ, ಆ ಮಾತನ್ನು ಅವರು ಬಾಯಿಬಿಟ್ಟು ಹೇಳುವ ತನಕ ಕಾಯಬೇಡಿ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು, ಹಿಂದಿನ ಸೀಟು ಮುಟ್ಟಿ ನೋಡುವಾಗಲೇ ಅವರು ಅದನ್ನು ಹೇಳಿರುತ್ತಾರೆ.