ಒಯ್ದದ್ದೋ, ನಕಲು ಮಾಡಿದ್ದೋ

ಪಕ್ಕದ ಮನೆಯಿಂದ ಹೆಪ್ಪಿಗೆಂದು ಒಂದು ಚಮಚ ಮೊಸರು ತಂದರೆ ಅವರ ಮೊಸರು ಕಡಿಮೆಯಾಯಿತೆಂದು ಯಾರೂ ಲೆಕ್ಕ ಇಡುವುದಿಲ್ಲ. ಬೆಳಗಾದರೆ ಎರಡು ಮನೆಯಲ್ಲೂ ಮೊಸರು. ಕೊಟ್ಟರೂ ಕೊಟ್ಟವರಲ್ಲೇ ಉಳಿಯುವ ವಸ್ತುಗಳು ಕೆಲವಿವೆ. ಆದರೆ ಸಾಲ ಹೀಗೆ ಎರಡಾದರೆ?

ನನ್ನ ಭಾವ 2019ರಲ್ಲಿ ತೀರಿಕೊಂಡ ಮೇಲೆ ಅಕ್ಕನ ಮಕ್ಕಳಿಬ್ಬರೂ ಅಡಿಕೆ ವ್ಯಾಪಾರವನ್ನು ಪಾಲು ಮಾಡಿಕೊಂಡರು. ದೊಡ್ಡವನು ತರೀಕೆರೆಯಲ್ಲಿ ಉಳಿದ, ಚಿಕ್ಕವನು ಅಜ್ಜಂಪುರಕ್ಕೆ ಹೊರಟ. ಕಡೂರಿನಿಂದ ರೈಲು ಹತ್ತುವ ನಮಗೆ ಈ ಪಾಲು ಹೊಸದೇನಲ್ಲ. ಬೀರೂರು ಜಂಕ್ಷನ್ನಿನಲ್ಲಿ ಹಳಿ ಎರಡಾಗಿ ಒಂದು ತರೀಕೆರೆಯ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ ತಿರುಗುತ್ತದೆ. ಅಜ್ಜಂಪುರವೇ ತರೀಕೆರೆ ತಾಲ್ಲೂಕಿನಿಂದ ಪಾಲು ತೆಗೆದುಕೊಂಡು ತಾಲ್ಲೂಕಾದ ಊರು.

ತಕ್ಕಡಿ, ಚೀಲ, ಹಂಡೆಗಳೆಲ್ಲ ಸುಲಭವಾಗಿ ಹಂಚಿಹೋದವು. ಉಳಿದದ್ದು ಭಾವನವರ ಲೆಕ್ಕ. ಅದಿದ್ದದ್ದು ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುವ ಒಂದು ಹಳೆಯ ಪ್ರೋಗ್ರಾಮಿನಲ್ಲಿ. ಎಕ್ಸ್‌ಪಿಯ ಯೋಗಕ್ಷೇಮವನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈಬಿಟ್ಟಿತ್ತು. ಅದಕ್ಕೇ ದೊಡ್ಡವನು ಹಳೆಯ ಕಂಪ್ಯೂಟರನ್ನು ಹಾಗೆ ಹಾಗೇ ಹೊಸದರ ಹೊಟ್ಟೆಯೊಳಗೆ ಇಟ್ಟಿದ್ದ. ಇದಕ್ಕೆ ವರ್ಚುಯಲ್ ಮಷೀನ್ ಎನ್ನುತ್ತಾರೆ. ಒಳಗಿನದು ತನ್ನದೇ ಡಿಸ್ಕು, ತನ್ನದೇ ಮೆಮೊರಿ ಇದೆಯೆಂದು ನಂಬಿ ಕೆಲಸ ಮಾಡುತ್ತದೆ; ಹೊರಗಿನಿಂದ ನೋಡಿದರೆ ನಾಲ್ಕಾರು ಫೈಲುಗಳು, ಅಷ್ಟೆ. ಅದನ್ನು ಪೂರ್ತಿ ಆರಿಸಿ, ಫೈಲುಗಳಿರುವ ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ತೆರೆದರೆ ಭಾವ ಇಟ್ಟಿದ್ದ ಹೂವಿನ ಚಿತ್ರ ಸಹಿತ ಎಲ್ಲವೂ ಎದ್ದು ಬರುತ್ತದೆ.

ಚಿಕ್ಕವನ ಲ್ಯಾಪ್‌ಟಾಪಿನಲ್ಲಿ ಹಾಗೆ ತೆರೆದಾಗ ವಿಎಂವೇರ್ ಒಂದು ಪ್ರಶ್ನೆ ಕೇಳಿತು: ಇದನ್ನು ಒಯ್ದಿದ್ದೀರೋ, ನಕಲು ಮಾಡಿದ್ದೀರೋ? ಒಯ್ದದ್ದು ಎಂದರೆ ಹಳೆಯ ಗುರುತೇ ಉಳಿಯುತ್ತದೆ. ನಕಲು ಎಂದರೆ ಹೊಸ ಗುರುತಿನ ಸಂಖ್ಯೆ, ಹೊಸ ನೆಟ್‌ವರ್ಕ್ ವಿಳಾಸ ಹುಟ್ಟುತ್ತವೆ. ಫೈಲುಗಳನ್ನು ನೋಡಿ ಅದನ್ನು ತಿಳಿಯಲು ಯಂತ್ರಕ್ಕೆ ಸಾಧ್ಯವಿಲ್ಲ, ಮನುಷ್ಯರನ್ನೇ ಕೇಳಬೇಕು.

ನಮ್ಮ ಜಿಲ್ಲೆಯ ಶೃಂಗೇರಿಯಿಂದಾಗಿ ಶಂಕರಾಚಾರ್ಯರ ಪರಕಾಯ ಪ್ರವೇಶದ ಕಥೆ ನಮಗೆಲ್ಲ ಗೊತ್ತು. ಅವರು ಅಮರುಕ ರಾಜನ ದೇಹ ಹೊಕ್ಕಾಗ ಬಿಟ್ಟುಹೋದ ದೇಹವನ್ನು ಶಿಷ್ಯರು ಕಾದರು. ದೇಹ ಎರಡಿದ್ದರೂ ಜೀವ ಒಂದೇ. ರಾಜನಾಗಿ ಉಣ್ಣುತ್ತಿದ್ದಾಗ ಗುಹೆಯಲ್ಲಿ ಇನ್ನೊಬ್ಬ ಶಂಕರರು ಭಾಷ್ಯ ಬರೆಯುತ್ತಿರಲಿಲ್ಲ. ಎರಡೂ ಕಡೆ ಜೀವ ಇದ್ದರೆ ಏನಾಗುತ್ತದೆಂದು 1984ರಲ್ಲಿ ಪುಸ್ತಕ ಬರೆದು ಕೇಳಿದವರು ಇಂಗ್ಲೆಂಡಿನ ಡೆರೆಕ್ ಪಾರ್ಫಿಟ್. ಯಂತ್ರವೊಂದು ಮನುಷ್ಯನನ್ನು ಮಂಗಳ ಗ್ರಹದಲ್ಲಿ ಮತ್ತೆ ಕಡೆದು ನಿಲ್ಲಿಸಿತು, ಭೂಮಿಯಲ್ಲಿದ್ದವನೂ ಉಳಿದ ಎನ್ನಿ. ಯಾರು ನಿಜವಾದವನು? ಆ ಪ್ರಶ್ನೆ ಅಷ್ಟು ಮುಖ್ಯವಲ್ಲ ಎಂಬುದು ಅವರ ತೀರ್ಮಾನ. ಅವರು ಅಡಿಕೆ ಸುಲಿಯುವವರಿಗೆ ಮುಂಗಡ ಕೊಟ್ಟವರಲ್ಲ!

ಏಕೆಂದರೆ ಆ ಲೆಕ್ಕದಲ್ಲಿ ಸುಲಿಯಲು ಬರುವ ಹೆಂಗಸರ ಹೆಸರುಗಳಿದ್ದವು. ಒಬ್ಬಾಕೆ ಮಗಳ ಬಾಣಂತನಕ್ಕೆಂದು ಪಡೆದ ಆರು ಸಾವಿರ ಬಾಕಿ. ಈಗ ತರೀಕೆರೆಯ ಪರದೆಯಲ್ಲೂ ಆರು ಸಾವಿರ, ಅಜ್ಜಂಪುರದ ಪರದೆಯಲ್ಲೂ ಆರು ಸಾವಿರ. ಅಣ್ಣನ ಬಳಿ ದುಡಿದು ತೀರಿಸಿದರೆ ತಮ್ಮನ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಇನ್ನೊಬ್ಬಾಕೆಯ ಎರಡು ವಾರದ ಕೂಲಿ ಭಾವನವರಲ್ಲೇ ನಿಂತಿತ್ತು. ಅದೂ ಎರಡು ಕಡೆ ದಾಖಲಾಗಿದೆ. ಆದರೆ ಅವಳು ಕೇಳಲು ಹೋದರೆ 'ಅಣ್ಣನ ಹತ್ತಿರ ಕೇಳಮ್ಮ', 'ತಮ್ಮನ ಹತ್ತಿರ ಕೇಳಮ್ಮ'. ನೋಡಿ, ಒಂದೇ ನಕಲಿನಲ್ಲಿ ಬರಬೇಕಾದ ಹಣ ಎರಡಾಗುತ್ತದೆ, ಕೊಡಬೇಕಾದದ್ದು ಮಾಯವಾಗುತ್ತದೆ. ಹಳೆಯ ಕೆಂಪು ಬಟ್ಟೆಯ ಖಾತೆ ಪುಸ್ತಕಕ್ಕೆ ಈ ವಿದ್ಯೆ ಬರುತ್ತಿರಲಿಲ್ಲ. ಅದು ಯಾರ ಗಲ್ಲಾಪೆಟ್ಟಿಗೆಯ ಮೇಲಿದೆಯೋ ಅವರೇ ವಸೂಲಿಗೂ ಬಾಧ್ಯರು, ಋಣಕ್ಕೂ ಬಾಧ್ಯರು.

ಹುಡುಗರಲ್ಲಿ ಮೋಸದ ಯೋಚನೆ ಇರಲಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಯಾವುದೋ ಒಂದನ್ನು ಒತ್ತಿದರೆ ಕೆಲಸ ಮುಗಿಯಿತೆಂದೇ ಚಿಕ್ಕವನು 'ಒಯ್ದದ್ದು' ಎಂಬುದರ ಮೇಲೆ ಬೆರಳಿಟ್ಟಿದ್ದ. ಪ್ರಶ್ನೆಯ ಅರ್ಥವನ್ನು ಕೇಳಿ ತಿಳಿದುಕೊಂಡ ಅಕ್ಕ, "ಅಲ್ಲಿರೋದು ಅಲ್ಲೇ ಇದೆಯಲ್ಲೋ. ನಕಲು ಅಂತ ಒತ್ತು" ಎಂದಳು. ಅವನು ಒತ್ತಿದ.

ಆಮೇಲೆ ಅವಳು ಇಬ್ಬರನ್ನೂ ಊಟಕ್ಕೆ ಏಳಲು ಬಿಡಲಿಲ್ಲ. ಒಂದೊಂದೇ ಹೆಸರು ಓದಿಸಿ, ಇದು ಯಾರ ಪಾಲಿಗೆ ಎಂದು ಕೇಳಿ, ಇನ್ನೊಬ್ಬನ ಯಂತ್ರದಿಂದ ಆ ಹೆಸರು ಅಳಿಸಿಸಿದಳು. ಆರು ಸಾವಿರ ದೊಡ್ಡವನಿಗೆ ಬಂತು, ನಿಂತ ಕೂಲಿ ಕೊಡುವುದು ಚಿಕ್ಕವನಿಗೆ. ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸಿ ಬೀರುವಿನಲ್ಲಿಟ್ಟಳು. ಅದರ ಫೋಟೋ ತೆಗೆದುಕೊಳ್ಳಲೇ ಎಂದು ಚಿಕ್ಕವನು ಕೇಳಿದ್ದಾನೆ. ಅವಳಿನ್ನೂ ಉತ್ತರ ಹೇಳಿಲ್ಲ.