ಮೊದಲು ನಗು, ಆಮೇಲೆ ಮಾತು

ಯುಗಾದಿ ಇನ್ನು ಹದಿನೈದು ದಿನ ಎನ್ನುವಾಗ ಕೆಂಪು ರಟ್ಟಿನ ಲೆಡ್ಜರು ಪುಸ್ತಕವನ್ನು ಬೀರುವಿನಿಂದ ತೆಗೆದು ಫೋನಿನ ಪಕ್ಕ ಇಟ್ಟುಕೊಂಡು ಕೂರುತ್ತೇನೆ. ಮಾನಸಗಂಗೋತ್ರಿಯಲ್ಲಿ 1982ರಿಂದ 84ರವರೆಗೆ ತತ್ತ್ವಶಾಸ್ತ್ರದ ಎಂ.ಎ. ಓದಿದವರು ನಾವು 19 ಮಂದಿ. 25 ವರ್ಷ ತುಂಬಿತೆಂದು 2009ರಲ್ಲಿ ಮೈಸೂರಿನಲ್ಲಿ ಸೇರಿದ್ದೆವು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬಂದ ಆ ಸಂಜೆ, ವರ್ಷಕ್ಕೊಮ್ಮೆ ಎಲ್ಲರ ಸುದ್ದಿ ಕೇಳಿ ಬರೆದು ಎಲ್ಲರಿಗೂ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಂದಿನಿಂದ ಬಿಟ್ಟಿಲ್ಲ.

ಒಬ್ಬೊಬ್ಬರಿಗೆ ವರ್ಷಕ್ಕೆ ಮೂರು ಸಾಲು. ಬ್ಯಾಂಕಿನಿಂದ ನಿವೃತ್ತನಾದವನು ಮಂಡಿಚಿಪ್ಪು ಬದಲಿಸಿಕೊಂಡಿದ್ದಾನೆ. ತಹಸೀಲ್ದಾರನಾಗಿದ್ದವನ ಕಿರಿಯ ಮಗಳ ಮದುವೆಯಾಯಿತು. ಮಳವಳ್ಳಿ ಕಡೆಯವನು ಕಬ್ಬು ಬಿಟ್ಟು ತೆಂಗು ಹಾಕಿದ್ದಾನೆ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದವಳು ಅಲ್ಲಿಯ ನಾಲ್ಕು ಮಕ್ಕಳಿಗೆ ಶನಿವಾರ ಕನ್ನಡ ಅಕ್ಷರ ತಿದ್ದಿಸುತ್ತಿದ್ದಾಳೆ. ಮೂರು ಹೆಸರುಗಳ ಮುಂದೆ ಈಗ ಬರೆಯುವುದೇನೂ ಉಳಿದಿಲ್ಲ. ಆದರೂ ಅವಕ್ಕೆ ಜಾಗ ಬಿಟ್ಟೇ ಮುಂದಕ್ಕೆ ಹೋಗುತ್ತೇನೆ.

ಈ ಕೆಲಸದಲ್ಲಿ ಕಿವಿಗೆ ಬಿದ್ದ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ಒಬ್ಬರ ಒಳ್ಳೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿದಾಗ, "ಹೌದಾ? ಒಳ್ಳೇದಾಯ್ತು ಬಿಡು" ಎನ್ನುವ ಮಾತಿಗೆ ಮುಂಚೆ ಒಂದು ಸಣ್ಣ ಮೌನ ಬರುತ್ತದೆ. ಉಸಿರೆಳೆದು ಬಿಡುವಷ್ಟು. ಕೆಟ್ಟ ಸುದ್ದಿಗೆ ಆ ಮೌನವಿಲ್ಲ. "ಅಯ್ಯೋ" ಎನ್ನುವುದು ತಡಮಾಡದೆ ಬಾಯಿಗೆ ಬರುತ್ತದೆ. ಇನ್ನೊಬ್ಬರ ನೋವಿಗೆ ಕೂಡಲೇ ಓಗೊಡುವ ಮನಸ್ಸು, ನಲಿವಿಗೆ ಓಗೊಡುವ ಮುನ್ನ ಒಳಗೆ ಏನನ್ನೋ ಲೆಕ್ಕ ಹಾಕುತ್ತದೆ. ಶಂಕರರನ್ನೂ ಸ್ಪಿನೋಜಾನನ್ನೂ ಓದಿ ಪರೀಕ್ಷೆ ಬರೆದವರು ನಾವು. ಈ ಮೌನ ಎಲ್ಲಿಂದ ಬರುತ್ತದೆ ಎಂದು ಯಾವ ಪ್ರಶ್ನೆಪತ್ರಿಕೆಯೂ ನಮ್ಮನ್ನು ಕೇಳಲಿಲ್ಲ.

ಆ ಮೌನ ನನಗೆ ಒಳಗಿನಿಂದಲೇ ಗೊತ್ತು. 1988ರಲ್ಲಿ ಅದು ನನ್ನಲ್ಲಿ ನಾಲ್ಕು ತಿಂಗಳು ಉಳಿದಿತ್ತು.

ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಕೋಣೆಯಲ್ಲಿದ್ದವಳು, ಶಿವಮೊಗ್ಗೆಯವಳು. ಏನು ಹೇಳಬೇಕಾದರೂ ಅವಳಿಗೆ ಮೊದಲು ನಗು ಬರುತ್ತಿತ್ತು. ಊಟದ ಗಂಟೆ ಹೊಡೆಯಿತು ಎಂದು ಹೇಳುವುದಕ್ಕೂ ನಗು. ಎಂ.ಎ. ಮುಗಿದ ಮೇಲೆ ನಾನು ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಅವಳೂ ಹಾಗೇ ಇನ್ನೆಲ್ಲೋ. ಒಂದು ವಿಶ್ವವಿದ್ಯಾನಿಲಯ ತತ್ತ್ವಶಾಸ್ತ್ರಕ್ಕೆ ಒಬ್ಬ ಅಧ್ಯಾಪಕರು ಬೇಕೆಂದು ಕರೆಯಿತು. ಇಬ್ಬರೂ ಅರ್ಜಿ ಹಾಕಿದೆವು, ಒಂದೇ ಬಸ್ಸಿನಲ್ಲಿ ಸಂದರ್ಶನಕ್ಕೆ ಹೋದೆವು, ಬರುವಾಗ ಒಂದೇ ಸೀಟಿನಲ್ಲಿ ಕೂತು ಕಡಲೆಕಾಯಿ ತಿಂದೆವು. ಆರು ವಾರಕ್ಕೆ ಅವಳಿಂದ ಇನ್‌ಲ್ಯಾಂಡ್ ಕಾಗದ ಬಂತು. ಕೆಲಸ ಅವಳಿಗಾಗಿತ್ತು. ಕಾಗದದಲ್ಲಿ ಬಿಂಕವಿರಲಿಲ್ಲ, ಸಮಾಧಾನ ಹೇಳುವ ನೆಪದ ಮೇಲುಗೈಯೂ ಇರಲಿಲ್ಲ. ಮೊದಲ ಸಂಬಳದಲ್ಲಿ ತಮ್ಮನ ಫೀಸು ಕಟ್ಟುತ್ತೇನೆ ಎಂದಿದ್ದಳು. ಓದಿ ಮಡಿಸಿ ತರ್ಕಶಾಸ್ತ್ರದ ಪುಸ್ತಕದೊಳಗೆ ಇಟ್ಟೆ. ಮಾರನೆಯ ದಿನ ಅದೇ ಪುಟ ತೆರೆದು ಪಾಠ ಮಾಡಬೇಕಿತ್ತು. ಪುಟ ತೆರೆಯದೆ ಬಾಯಿಪಾಠದಿಂದಲೇ ಹೇಳಿ ಮುಗಿಸಿದೆ. ಉತ್ತರ ಬರೆದದ್ದು ನಾಲ್ಕು ತಿಂಗಳ ಮೇಲೆ, ಎರಡು ಸಾಲು.

ಕನ್ನಡದಲ್ಲಿ ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತೇವೆ. ನಾನು ಬಲ್ಲ ಮಟ್ಟಿಗೆ ಇದಕ್ಕಿಂತ ನಿಖರವಾದ ಪದವಿಲ್ಲ. ಮತ್ಸರ ಎಂದರೆ ಅರಿಷಡ್ವರ್ಗದ ಪಟ್ಟಿಯ ಆರನೆಯ ಹೆಸರು, ಅಷ್ಟೆ. ಹೊಟ್ಟೆಕಿಚ್ಚು ಎಂದರೆ ಎಲ್ಲಿ ಉರಿಯುತ್ತದೆ ಎಂದು ಬೆರಳಿಟ್ಟು ತೋರಿಸಿದಂತೆ. ಇದೇ ಭಾಷೆಯಲ್ಲಿ ನಮ್ಮ ಅಜ್ಜಿಯರು ಉಣಬಡಿಸಿದವರನ್ನು ಹರಸುವುದು "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು. ಉರಿಯುವುದೂ ತಣ್ಣಗಾಗುವುದೂ ಒಂದೇ ಜಾಗ. ಹಾಗಾದರೆ ಒಂದು ಇನ್ನೊಂದಾಗುವ ದಾರಿ ಯಾವುದು ಎಂಬುದೇ ನನ್ನ ಪ್ರಶ್ನೆ.

ಒಟ್ಟಿಗೆ ಓದಿದವರು ಬಹುಕಾಲದ ಮೇಲೆ ಭೇಟಿಯಾಗುವ ಕಥೆಗಳು ನಮ್ಮ ಪುರಾಣಗಳಲ್ಲಿ ಮುಖ್ಯವಾಗಿ ಎರಡು. ಭರದ್ವಾಜರ ಆಶ್ರಮದಲ್ಲಿ ದ್ರೋಣನೂ ದ್ರುಪದನೂ ಜೊತೆಗೆ ಕಲಿತವರು. ದ್ರುಪದ ಪಾಂಚಾಲದ ಅರಸನಾದ. ದ್ರೋಣನ ಮನೆಯಲ್ಲಿ ಹಾಲಿಲ್ಲ. ಮಗ ಅಶ್ವತ್ಥಾಮ ಹಿಟ್ಟು ಕದಡಿದ ನೀರನ್ನೇ ಹಾಲೆಂದು ಕುಡಿದು ಕುಣಿದ, ಉಳಿದ ಮಕ್ಕಳು ನಕ್ಕರು. ಹಳೆಯ ಗೆಳೆತನ ನೆನೆದು ದ್ರೋಣ ಅರಮನೆಗೆ ಹೋದರೆ, ಸ್ನೇಹವೆನ್ನುವುದು ಸಮಾನರ ನಡುವೆ ಮಾತ್ರ ಎಂದು ದ್ರುಪದ ಹೇಳಿ ಕಳಿಸಿದ. ಮುಂದಿನದು ಎಲ್ಲರಿಗೂ ಗೊತ್ತು. ಶಿಷ್ಯರಿಂದ ದ್ರುಪದನನ್ನು ಹಿಡಿತರಿಸಿ, ಅರ್ಧ ರಾಜ್ಯ ಕಿತ್ತುಕೊಂಡು, ಈಗ ಸಮಾನರಾದೆವು ಎಂದ ದ್ರೋಣ. ದ್ರುಪದ ಯಜ್ಞ ಮಾಡಿ ಧೃಷ್ಟದ್ಯುಮ್ನನನ್ನು ಪಡೆದ. ದ್ರೋಣನ ತಲೆ ಬಿದ್ದದ್ದು ಅವನ ಕತ್ತಿಗೆ. ಇಬ್ಬರು ಸಹಪಾಠಿಗಳು ಒಬ್ಬರ ಏಳಿಗೆಯನ್ನು ಇನ್ನೊಬ್ಬರು ತಾಳಲಾರದೆ ಹೋದದ್ದರಿಂದ ಎಷ್ಟು ದೂರ ರಕ್ತ ಹರಿಯಿತು ಎಂದು ನೆನೆದರೆ ನನಗೆ ಭಯವಾಗುತ್ತದೆ.

ಇನ್ನೊಂದು ಕೃಷ್ಣ ಕುಚೇಲರದು. ಸಾಂದೀಪನಿಯ ಆಶ್ರಮದವರು. ಹರಿದ ಬಟ್ಟೆಯ ಗಂಟಿನಲ್ಲಿ ಅವಲಕ್ಕಿ ಕಟ್ಟಿಕೊಂಡು ದ್ವಾರಕೆಗೆ ಹೋದ ಬಡವನ ಕಥೆಯನ್ನು ನಾವು ಹರಿಕಥೆಗಳಲ್ಲಿ ಕೇಳಿ ಬೆಳೆದವರು. ಭಾಗವತದಲ್ಲಿ ಕೃಷ್ಣ ಅವನ ಕಾಲು ತೊಳೆದು, ಮಂಚದ ಮೇಲೆ ಕೂರಿಸಿ ಕೇಳುವ ಮೊದಲ ಮಾತುಗಳಲ್ಲೊಂದು, ಗುರುದಕ್ಷಿಣೆ ಕೊಟ್ಟು ಮನೆಗೆ ಮರಳಿದ ಮೇಲೆ ತಕ್ಕ ಹೆಂಡತಿ ಸಿಕ್ಕಳೇ ಎಂದು. ನಾನು ಯುಗಾದಿಗೆ ಮುಂಚೆ ಫೋನಿನಲ್ಲಿ ಕೇಳುವುದೂ ಇಂಥವೇ ಪ್ರಶ್ನೆಗಳು. ಆಮೇಲೆ ಕೃಷ್ಣ ಸೌದೆಗೆಂದು ಕಾಡಿಗೆ ಹೋಗಿ ಮಳೆಗಾಳಿಯಲ್ಲಿ ದಾರಿ ತಪ್ಪಿದ್ದನ್ನು, ಇಬ್ಬರೂ ಕೈ ಕೈ ಹಿಡಿದು ರಾತ್ರಿ ಕಳೆದದ್ದನ್ನು, ಬೆಳಗಾದ ಮೇಲೆ ಗುರುಗಳೇ ಹುಡುಕಿಕೊಂಡು ಬಂದದ್ದನ್ನು ನೆನೆಸಿಕೊಳ್ಳುತ್ತಾನೆ.

ಈ ಕಥೆ ಹೇಳುವವರೆಲ್ಲ ಕೃಷ್ಣನ ದೊಡ್ಡತನವನ್ನು ಹೊಗಳುತ್ತಾರೆ. ನನಗೆ ದೊಡ್ಡವನಾಗಿ ಕಾಣುವವನು ಕುಚೇಲ. ಇದ್ದವನು ಇಲ್ಲದವನನ್ನು ಅಪ್ಪಿಕೊಳ್ಳುವುದು ಒಳ್ಳೆಯತನ, ಸರಿ. ಇಲ್ಲದವನು ಇದ್ದವನ ಮಂಚದ ಮೇಲೆ ಕುಗ್ಗದೆ, ಕುದಿಯದೆ ಕೂರುವುದು ಅದಕ್ಕಿಂತ ಕಷ್ಟದ್ದು. ಏನೂ ಕೇಳದೆ ಬರಿಗೈಲಿ ಊರಿಗೆ ಹೊರಟ ಕುಚೇಲನಿಗೆ ಊರಲ್ಲಿ ಮಾಳಿಗೆಮನೆ ಎದ್ದಿರುವುದು ಇನ್ನೂ ಗೊತ್ತಿಲ್ಲ. ಆ ದಾರಿಯುದ್ದಕ್ಕೂ ಅವನು ಸಂತೋಷವಾಗಿಯೇ ನಡೆಯುತ್ತಾನೆ, ಗೆಳೆಯನನ್ನು ಕಂಡೆ ಎಂದು. ಸಂಪತ್ತು ಬರದೆ ಹೋಗಿದ್ದರೂ ನನ್ನ ಮಟ್ಟಿಗೆ ಆ ಕಥೆ ಆ ದಾರಿಯಲ್ಲೇ ಪೂರ್ತಿಯಾಗಿದೆ.

ಆ ಸಂತೋಷಕ್ಕೆ ಹೆಸರಿಟ್ಟವರು ಬೌದ್ಧರು: ಮುದಿತಾ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲೂ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಈ ನಾಲ್ಕೂ ಬರುತ್ತವೆ. ಮುದ ಎಂಬ ಪದ ನಮಗೆ ಹೊಸದಲ್ಲ. ಆದರೆ ಇನ್ನೊಬ್ಬರಿಗೆ ಒಳಿತಾದದ್ದನ್ನು ಕಂಡು ಹುಟ್ಟುವ ಮುದಕ್ಕೆ ಬೇರೆಯೇ ಹೆಸರು ಬೇಕು ಎಂದು ಅವರಿಗೆ ಅನ್ನಿಸಿತಲ್ಲ, ಅದು ದೊಡ್ಡದು. ಐದನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಕೂತು ವಿಸುದ್ಧಿಮಗ್ಗ ಬರೆದ ಬುದ್ಧಘೋಷ ಇದನ್ನು ಅಭ್ಯಾಸ ಮಾಡುವ ಕ್ರಮವನ್ನೇ ವಿವರಿಸುತ್ತಾನೆ. ಮೈತ್ರಿಯನ್ನು ತನ್ನಿಂದಲೇ ಆರಂಭಿಸಬೇಕು. ಮುದಿತೆಯನ್ನಾದರೆ ತೀರ ಆಪ್ತನಾದ ಒಬ್ಬ ಒಡನಾಡಿಯಿಂದ. ಎಂಥ ಒಡನಾಡಿ? ಸದಾ ಗೆಲುವಾಗಿರುವವನು, ಮೊದಲು ನಕ್ಕು ಆಮೇಲೆ ಮಾತಾಡುವವನು.

ಇದು ಬರುವುದು ವಿಸುದ್ಧಿಮಗ್ಗದ ಒಂಬತ್ತನೆಯ ಅಧ್ಯಾಯದಲ್ಲಿ. ಗಂಗೋತ್ರಿಯಲ್ಲಿ ಆ ಅಧ್ಯಾಯ ಪಠ್ಯದಲ್ಲಿರಲಿಲ್ಲ. ನಾನು ಅದನ್ನು ಓದಿದ್ದು ನಲವತ್ತು ದಾಟಿದ ಮೇಲೆ, ರಜೆಯ ಒಂದು ಮಧ್ಯಾಹ್ನ. ಆ ವಿವರಣೆಗೆ ಬಂದಾಗ ಪುಸ್ತಕ ಮುಚ್ಚಿ ಎದ್ದು ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತೆ. ಒಂದೂವರೆ ಸಾವಿರ ವರ್ಷದ ಹಿಂದೆ, ಕಡಲಾಚೆ, ಯಾರೋ ನನ್ನ ಹಾಸ್ಟೆಲಿನ ಗೆಳತಿಯನ್ನು ಕಂಡು ಬರೆದಂತಿತ್ತು. ಅಭ್ಯಾಸ ಅವಳಿಂದಲೇ ಆರಂಭವಾಗಬೇಕಿತ್ತು. ನಾನು ಕಿಚ್ಚು ಹೊತ್ತಿಸಿಕೊಂಡದ್ದೂ ಅವಳ ಮೇಲೆಯೇ.

ತರ್ಕ ಕಲಿಸಿದವಳಾದ್ದರಿಂದ ಒಂದು ಮಾತನ್ನು ಮುಚ್ಚಿಡಬಾರದು. "ಅವಳಿಗೆ ಸಿಕ್ಕಿತು, ಆದ್ದರಿಂದ ನನಗೆ ಸಿಗಲಿಲ್ಲ." ಹೊಟ್ಟೆಕಿಚ್ಚು ನಿಲ್ಲುವುದು ಈ 'ಆದ್ದರಿಂದ'ದ ಮೇಲೆ. ಹೆಚ್ಚಿನ ಕಡೆ ಅದು ಸುಳ್ಳು. ಗೆಳೆಯನ ಮಗಳಿಗೆ ಮದುವೆಯಾದರೆ ನನ್ನ ಮಗಳ ಗಂಡು ತಪ್ಪಿಹೋಗಲಿಲ್ಲ. ಆದರೆ ಹುದ್ದೆ ಒಂದೇ ಇದ್ದಾಗ ಆ ತೀರ್ಮಾನದಲ್ಲಿ ದೋಷವಿಲ್ಲ. ಅಲ್ಲಿ ಮುದಿತೆ ಎನ್ನುವುದು ತಪ್ಪು ತರ್ಕವನ್ನು ತಿದ್ದಿಕೊಂಡರೆ ಸಿಗುವ ಬಿಡುಗಡೆಯಲ್ಲ. ತರ್ಕ ಸರಿಯಾಗಿಯೇ ಇದ್ದು, ನಷ್ಟವೂ ನಿಜವಾಗಿದ್ದು, ಅದರಾಚೆ ಸಂತೋಷಪಡಬೇಕು. ಅದು ಸಾಧ್ಯವೇ?

ಸಾಧ್ಯ ಎನ್ನುವುದಕ್ಕೆ ಮೈಸೂರಿನಲ್ಲೇ ಒಂದು ಪುರಾವೆ ಇದೆ. ಮಹಾರಾಜಾ ಕಾಲೇಜಿನಲ್ಲಿ 1918ರಿಂದ ತತ್ತ್ವಶಾಸ್ತ್ರ ಕಲಿಸುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಹೊರಟರು. ಅಲ್ಲಿಯ ಪೀಠ ದೊಡ್ಡದು, ಮೈಸೂರಿನ ಹುಡುಗರಿಗೆ ಮಾತ್ರ ಮೇಷ್ಟ್ರು ಹೋದಂತೆ. ಆ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ಗಾಡಿಯನ್ನು ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ನಾವು ಓದುವಾಗ ಇದನ್ನು ಗುರುಭಕ್ತಿಯ ಕಥೆಯಾಗಿ ಕೇಳಿದ್ದೆವು. ನನಗೀಗ ಕಾಣುವುದು ಬೇರೆ. ತಮ್ಮಿಂದ ದೂರ ಹೋಗುತ್ತಿರುವುದನ್ನು ತಾವೇ ಭುಜ ಕೊಟ್ಟು ಎಳೆದು ರೈಲಿಗೆ ಹತ್ತಿಸುವುದು. ಮುದಿತೆಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ.

ಹಾಗೆಂದು ಅನ್ಯಾಯವನ್ನು ಎತ್ತಿ ಹೇಳುವವರ ಬಾಯಿಗೆ ಹೊಟ್ಟೆಕಿಚ್ಚು ಎಂಬ ಬೀಗ ಜಡಿಯಬಾರದು. ಹಿಟ್ಟಿನ ನೀರು ಕುಡಿದ ಮಗುವಿನ ತಂದೆ ಹಾಲು ಕೇಳಿದ್ದು ಅಸೂಯೆಯಿಂದಲ್ಲ. ಗಂಟೆ ಲೆಕ್ಕದ ಸಂಬಳ ತಿಂಗಳುಗಟ್ಟಲೆ ಬಾರದಿದ್ದಾಗ ನಾವು ಅರ್ಜಿ ಬರೆದೆವು, ಧರಣಿ ಕೂತೆವು. ಅದರಲ್ಲಿ ಒಂದು ಅಕ್ಷರಕ್ಕೂ ನಾನು ಪಶ್ಚಾತ್ತಾಪಪಡುವುದಿಲ್ಲ. ದ್ರೋಣ ತಪ್ಪಿದ್ದು ಕೇಳಿದ್ದರಲ್ಲಲ್ಲ, ಗೆಳೆಯನನ್ನು ಇಳಿಸಿಯೇ ಸಮಾನನಾಗುತ್ತೇನೆ ಎಂದದ್ದರಲ್ಲಿ. ನಾನು ತಪ್ಪಿದ್ದು ಆ ನಾಲ್ಕು ತಿಂಗಳಲ್ಲಿ.

ಇನ್ನೊಂದು ಎಚ್ಚರಿಕೆಯೂ ಬುದ್ಧಘೋಷನದೇ. ಮೈತ್ರಿಯಿಂದ ಉಪೇಕ್ಷೆಯವರೆಗಿನ ಆ ನಾಲ್ಕರಲ್ಲಿ ಪ್ರತಿಯೊಂದಕ್ಕೂ ದೂರದ ಹಗೆಯೊಂದು, ಹತ್ತಿರದ ಹಗೆಯೊಂದು. ಮುದಿತೆಗೆ ಹತ್ತಿರದ ಹಗೆ, ಬಯಸಿದ್ದು ಕೈಗೂಡಿದಾಗ ಆಗುವ ಲೌಕಿಕ ಸಂತೋಷ. ನೋಡುವುದಕ್ಕೆ ಎರಡೂ ಒಂದೇ ಥರ. "ನಮ್ಮ ಬ್ಯಾಚಿನವನು" ಎಂದು ಹೆಮ್ಮೆಪಡುವಾಗ ನಾನು ಹುಷಾರಾಗುತ್ತೇನೆ. ತಹಸೀಲ್ದಾರನ ಸುದ್ದಿ ಬರೆಯುವಾಗ ಬರುವ ಉತ್ಸಾಹ ತೆಂಗು ಹಾಕಿದವನ ಸುದ್ದಿಗೂ ಬರುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ. ಬಾರದ ವರ್ಷಗಳಿದ್ದವು. ಆ ವರ್ಷಗಳಲ್ಲಿ ಅವನಿಗೆ ಎರಡೇ ಸಾಲು ಬಂದಿರುವುದು ಪುಸ್ತಕದಲ್ಲಿ ಹಾಗೇ ಇದೆ.

ನಾನು ಆ ಎರಡು ಸಾಲಿನ ಉತ್ತರ ಬರೆದ ಮೇಲೆ, ದೀಪಾವಳಿ ರಜೆಗೆ, ಹೇಳದೆ ಕೇಳದೆ ಅವಳು ನಮ್ಮೂರಿಗೆ ಬಂದಿದ್ದಳು. ಮನೆಯಲ್ಲಿದ್ದದ್ದು ಅವಲಕ್ಕಿ. ಒಗ್ಗರಣೆ ಹಾಕಿ ಕೊಟ್ಟೆ. ಅಡುಗೆಮನೆಯ ನೆಲದ ಮೇಲೆ ಕೂತು ತಿಂದು, ಇನ್ನಷ್ಟು ಕೇಳಿ ಹಾಕಿಸಿಕೊಂಡಳು. ಕಾಗದದ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. 21 ವರ್ಷ ಬಿಟ್ಟು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎಲ್ಲವನ್ನೂ ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ, "ಗೊತ್ತಿತ್ತು ಕಣೇ. ಅದಕ್ಕೇ ಬಂದಿದ್ದು" ಎಂದಳು.

2022ರ ಮಳೆಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸ್ವಲ್ಪ ಆಡುತ್ತದೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಪದ ಮಾತ್ರ ಬರುವುದಿಲ್ಲ. ಆ ವರ್ಷ ಅವಳ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಬುದ್ಧಘೋಷ ಇಂಥದ್ದನ್ನೂ ಬಿಟ್ಟಿಲ್ಲ. ಆ ಆಪ್ತ ಒಡನಾಡಿ ಹಿಂದೆ ಸುಖವಾಗಿದ್ದು ಈಗ ಕಷ್ಟಕ್ಕೆ ಬಿದ್ದಿದ್ದರೆ, ಅವನ ಹಿಂದಿನ ಸುಖವನ್ನು ನೆನೆದಾದರೂ ಮುದಿತೆಯನ್ನು ಎಬ್ಬಿಸಿಕೊಳ್ಳಬೇಕು ಎನ್ನುತ್ತಾನೆ. ಹಾಗೆಯೇ ಮಾಡಿದೆ. 1988ರ ಸುದ್ದಿಯನ್ನು, ತಮ್ಮನ ಫೀಸಿನ ಸಮೇತ, 34 ವರ್ಷ ತಡವಾಗಿ ಅವಳ ಮೂರು ಸಾಲಿನಲ್ಲಿ ಬರೆದೆ. ಬರೆಯುವಾಗ ಹೊಟ್ಟೆಯಲ್ಲಿ ಉರಿ ಇರಲಿಲ್ಲ.

ಈಗ ಯುಗಾದಿಗೆ ಮುಂಚೆ ಪುಸ್ತಕ ಹಿಡಿದು ಶಿವಮೊಗ್ಗೆಗೆ ಹೋಗುತ್ತೇನೆ. ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಒಬ್ಬೊಬ್ಬರದಾಗಿ ಓದುತ್ತೇನೆ. ಈ ಸಲ ಮಳವಳ್ಳಿಯವನ ತೆಂಗು ಹೊಂಬಾಳೆ ಬಿಟ್ಟಿದೆ ಎಂದು ಓದಿದೆ. ಅವಳ ಮುಖದಲ್ಲಿ ನಗು ಎದ್ದಿತು, ಎಡಗಡೆಯಿಂದ ಮೊದಲು, ಹಳೆಯ ನಗುವೇ. ಏನೋ ಹೇಳುವುದಕ್ಕೆ ಬಾಯಿ ತೆರೆದಳು. ಪುಸ್ತಕ ಮಡಿಲಲ್ಲಿಟ್ಟುಕೊಂಡು ಕಾದೆ. ಆಮೇಲೆ ಅವಳು ಎಡಗೈಯಿಂದ ಪುಟ ತಟ್ಟಿದಳು, ಮುಂದಿನದು ಓದು ಎನ್ನುವಂತೆ.